ಕೊಳವೆಬಾವಿ ನೀರಿನಲ್ಲಿ ರೇಡಾನ್: ಸೋಸಿದರೆ ಹೋಗುವುದಿಲ್ಲ, ಕುದಿಸಿದರೆ ಹೋಗುತ್ತದೆ, ಆದರೆ ಅಷ್ಟೇ ಸಾಲದು

"ಸೋಸದ ನೀರು ನಮ್ಮ ಮನೆಯೊಳಗೆ ಬರುವುದಿಲ್ಲ, ಕುದಿಸದ ನೀರನ್ನು ನಾವು ಕುಡಿಯುವುದಿಲ್ಲ. ಹಾಗಿದ್ದ ಮೇಲೆ ನಮಗೇನು ಭಯ?" ಬೆಂಗಳೂರು ಸುತ್ತಮುತ್ತಲ ನೀರಿನಲ್ಲಿ ವಿಕಿರಣಶೀಲ ಅನಿಲವಿದೆ ಎಂಬ ಸುದ್ದಿ ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ಇದು. ಈ ಮಾತು ಅರ್ಧ ಸರಿ, ಅರ್ಧ ತಪ್ಪು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಮನೆ, ತೋಟ, ಅಂಗಡಿ ಮಾಡಿಕೊಂಡಿರುವ ಕುಟುಂಬಗಳು ಆ ಎರಡು ಅರ್ಧಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಅನಿಲವನ್ನು ಓಡಿಸುವ ಉಪಾಯವೇ ಅದರ ಜೊತೆಗೆ ಬರುವ ಇನ್ನೊಂದು ವಸ್ತುವನ್ನು ನೀರಿನಲ್ಲಿ ಹೆಚ್ಚಿಸುತ್ತದೆ.

ಈ ಅನಿಲದ ಹೆಸರು ರೇಡಾನ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಯಾವ ಕಾರ್ಖಾನೆಯೂ ಇದನ್ನು ನೀರಿಗೆ ಬಿಡುತ್ತಿಲ್ಲ. ದೊಡ್ಡಬಳ್ಳಾಪುರದ ಕೆರೆಗಳಿಗೆ ಕೈಗಾರಿಕೆ ಮತ್ತು ಪಟ್ಟಣದ ಕೊಳಚೆ ಸೇರುತ್ತಿದೆ ಎಂಬ ದೂರು ಇದೆ, ಅದು ನಿಜವಾದ ದೂರು, ಆದರೆ ಅದು ಬೇರೆ ವಿಷಯ. ರೇಡಾನ್ ಬರುವುದು ಕಲ್ಲಿನಿಂದ. ನಮ್ಮ ಕಾಲ ಕೆಳಗಿರುವ ನೈಸ್ ಮತ್ತು ಗ್ರಾನೈಟ್ ಶಿಲೆಗಳಲ್ಲಿ ಯುರೇನಿಯಂ ಸಹಜವಾಗಿಯೇ ಇರುತ್ತದೆ. ಸಾಮಾನ್ಯ ಗ್ರಾನೈಟ್‌ನಲ್ಲಿ ಟನ್ನಿಗೆ ಮೂರರಿಂದ ಐದು ಗ್ರಾಂ ಎಂದಿಟ್ಟುಕೊಳ್ಳಿ. ಈ ಯುರೇನಿಯಂ ಕೋಟ್ಯಂತರ ವರ್ಷಗಳಿಂದ ನಿಧಾನವಾಗಿ ಒಡೆಯುತ್ತಾ ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಉಳಿದವೆಲ್ಲ ಘನವಸ್ತುಗಳು, ಕಲ್ಲಿನೊಳಗೇ ಉಳಿಯುತ್ತವೆ. ರೇಡಾನ್ ಮಾತ್ರ ಅನಿಲವಾದ್ದರಿಂದ ಬಿರುಕಿಗೆ ನುಸುಳುತ್ತದೆ, ಬಿರುಕಿನಲ್ಲಿ ನೀರಿದ್ದರೆ ಅದರಲ್ಲಿ ಕರಗುತ್ತದೆ.

ಹಿಂದೆ ಈ ಸೀಮೆಯವರು ಕುಡಿಯುತ್ತಿದ್ದದ್ದು ಕೆರೆಯ ಕೆಳಗಿನ ಬಾವಿಗಳ ನೀರು. ನಂದಿಬೆಟ್ಟದ ತಪ್ಪಲಿನಿಂದ ಹರಿದು ಬರುತ್ತಿದ್ದ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿ ಹೆಸರಘಟ್ಟಕ್ಕೆ ಹೋಗುತ್ತಿತ್ತು. 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿ ನೀರು ಬಂದದ್ದು ಆ ಹೆಸರಘಟ್ಟದಿಂದಲೇ. ತೆರೆದ ಬಾವಿಯ ನೀರು ಮೇಲುಪದರದ ಮಣ್ಣು ಮತ್ತು ಶಿಥಿಲ ಕಲ್ಲಿನ ನೀರು, ಗಾಳಿಗೆ ಮೈಯೊಡ್ಡಿ ನಿಂತ ನೀರು. ಅದರಲ್ಲಿನ ರೇಡಾನ್ ಸಾಮಾನ್ಯವಾಗಿ ಕಡಿಮೆ. ಬಾವಿಗಳು ಬತ್ತಿದವು, ಕೊಳವೆಬಾವಿಗಳು ಬಂದವು. ಇನ್ನೂರು ಮುನ್ನೂರು ಅಡಿಗೆ ಸಿಗುತ್ತಿದ್ದ ನೀರಿಗೆ ಈಗ ಸಾವಿರ ಅಡಿ ದಾಟಬೇಕು. ಅಷ್ಟು ಆಳದ ಗಟ್ಟಿ ಬಂಡೆಯ ಸಣ್ಣ ಬಿರುಕುಗಳಲ್ಲಿ ಬಹುಕಾಲ ಕಲ್ಲಿಗೆ ಅಂಟಿಕೊಂಡಂತೆ ನಿಂತಿದ್ದ ನೀರು ಮೋಟಾರ್ ಮೂಲಕ ಗಾಳಿಯನ್ನೇ ಕಾಣದೆ ನೇರ ನಮ್ಮ ಪೈಪಿಗೆ ಬರುತ್ತದೆ. ಈ ಬದಲಾವಣೆ ಆಗಿರುವುದು ಒಂದೆರಡು ತಲೆಮಾರಿನೊಳಗೆ.

ಅಳೆದಾಗ ಕಂಡದ್ದು

ಬೆಂಗಳೂರಿನ ಕೆಲವು ಭಾಗಗಳ ಅಂತರ್ಜಲದಲ್ಲಿ ರೇಡಾನ್ ಎಷ್ಟಿದೆ ಎಂಬ ಅಧ್ಯಯನವೊಂದು 2010ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮಾದರಿಗಳಲ್ಲಿ ಕಡಿಮೆಯೆಂದರೆ ಲೀಟರಿಗೆ ಸುಮಾರು 56 ಬೆಕ್ವೆರೆಲ್, ಹೆಚ್ಚೆಂದರೆ ಸುಮಾರು 1,189 ಬೆಕ್ವೆರೆಲ್. ಒಂದು ಬೆಕ್ವೆರೆಲ್ ಎಂದರೆ ಪ್ರತಿ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು ಎಂದರ್ಥ. ನಗರದ ಆಡಳಿತದ ಗಡಿ ಕಲ್ಲಿಗೆ ಗೊತ್ತಿಲ್ಲ. ನಗರದ ಕೆಳಗಿರುವ ಬಂಡೆಯೇ ಹೊಸಕೋಟೆ, ದೇವನಹಳ್ಳಿಯ ಕೆಳಗೂ ಹರಡಿದೆ. ಹಾಗೆಂದು ಪ್ರತಿ ಕೊಳವೆಬಾವಿಯಲ್ಲೂ ಇಷ್ಟೇ ಇದೆ ಎಂದು ಹೇಳುವಂತಿಲ್ಲ. ರೇಡಾನ್ ಬಿರುಕಿನಿಂದ ಬಿರುಕಿಗೆ ಬದಲಾಗುತ್ತದೆ. ಒಂದೇ ಬೀದಿಯ ಎರಡು ಬೋರ್‌ಗಳಲ್ಲಿ ಹತ್ತು ಪಟ್ಟು ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ.

"ಮಿತಿಗಿಂತ ನೂರು ಪಟ್ಟು ಹೆಚ್ಚು" ಎಂಬ ತಲೆಬರಹಗಳನ್ನು ಓದುವಾಗ ಯಾವ ಮಿತಿ ಎಂದು ಕೇಳಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1999ರಲ್ಲಿ ಲೀಟರಿಗೆ ಸುಮಾರು 11 ಬೆಕ್ವೆರೆಲ್ ಮಿತಿಯನ್ನು ಪ್ರಸ್ತಾಪಿಸಿತು. ಮನೆಯ ಗಾಳಿಯಲ್ಲಿನ ರೇಡಾನ್ ಕಡಿಮೆ ಮಾಡುವ ಕಾರ್ಯಕ್ರಮ ಇರುವ ಕಡೆಗಳಿಗೆ ಸುಮಾರು 148 ಎಂಬ ಸಡಿಲ ಮಿತಿಯನ್ನೂ ಜೊತೆಗೇ ಇಟ್ಟಿತು. ಆ ಪ್ರಸ್ತಾವ ಕಾನೂನಾಗಲೇ ಇಲ್ಲ. ಯುರೋಪಿನ ಒಕ್ಕೂಟ 2013ರಲ್ಲಿ 100 ಎಂದು ಗೊತ್ತುಮಾಡಿತು. 1,000 ದಾಟಿದರೆ ಬೇರೆ ವಿಚಾರವಿಲ್ಲದೆ ಕ್ರಮ ಕೈಗೊಳ್ಳಬೇಕು ಎಂದೂ ಸೇರಿಸಿತು. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐಎಸ್ 10500ರಲ್ಲಿ ಆಲ್ಫಾ, ಬೀಟಾ ವಿಕಿರಣಕ್ಕೆ ಒಟ್ಟಾರೆ ಮಿತಿ ಇದೆ, ರೇಡಾನ್‌ಗೆ ಪ್ರತ್ಯೇಕ ಅಂಕಿ ಇಲ್ಲ. ಆದ್ದರಿಂದ ಅದೇ 1,189ನ್ನು ಒಬ್ಬರು ನೂರು ಪಟ್ಟು ಎನ್ನಬಹುದು, ಇನ್ನೊಬ್ಬರು ಹನ್ನೆರಡು ಪಟ್ಟು ಎನ್ನಬಹುದು. ನನಗೆ ಯುರೋಪಿನ ಅಳತೆ ಹೆಚ್ಚು ಉಪಯುಕ್ತವೆನಿಸುತ್ತದೆ. ನೂರರೊಳಗಿದ್ದರೆ ನಿಶ್ಚಿಂತೆ, ನೂರರಿಂದ ಸಾವಿರದ ನಡುವೆ ಇದ್ದರೆ ಸುಲಭದ ಎಚ್ಚರಿಕೆ, ಸಾವಿರ ದಾಟಿದರೆ ಆ ಬಾವಿಗೆ ಗಾಳಿಯಾಡಿಸುವ ವ್ಯವಸ್ಥೆ ಆಗಲೇಬೇಕು.

ಕುಡಿಯುವುದಕ್ಕಿಂತ ಉಸಿರಾಡುವುದರಲ್ಲಿ ಅಪಾಯ ಹೆಚ್ಚು

ನೀರಿನ ರೇಡಾನ್ ಎಂದಾಕ್ಷಣ ಹೊಟ್ಟೆಯ ಕಡೆಗೆ ನಮ್ಮ ಯೋಚನೆ ಹೋಗುತ್ತದೆ. ನಿಜವಾದ ದಾರಿ ಬೇರೆ. ಕುಡಿದ ರೇಡಾನ್‌ನ ಬಹುಭಾಗ ರಕ್ತದ ಮೂಲಕ ಶ್ವಾಸಕೋಶಕ್ಕೆ ಬಂದು ಒಂದೆರಡು ಗಂಟೆಯೊಳಗೆ ಉಸಿರಿನಲ್ಲಿ ಹೊರಗೆ ಹೋಗಿಬಿಡುತ್ತದೆ. ತೊಂದರೆ ಕೊಡುವುದು ಸ್ನಾನ, ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ನೀರು ಕಾಯಿಸುವುದು ಇವುಗಳಲ್ಲಿ ನೀರಿನಿಂದ ಬಿಡುಗಡೆಯಾಗಿ ಮನೆಯ ಗಾಳಿಗೆ ಸೇರುವ ರೇಡಾನ್. ಅದು ಒಡೆದಾಗ ಹುಟ್ಟುವ ಪೊಲೋನಿಯಂ ಮುಂತಾದ ಕಣಗಳು ಧೂಳಿಗೆ ಅಂಟಿಕೊಂಡು ಶ್ವಾಸಕೋಶದ ಒಳಗೋಡೆಯಲ್ಲಿ ಕುಳಿತುಕೊಳ್ಳುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ರೇಡಾನ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1999ರಲ್ಲಿ ಹಾಕಿದ ಲೆಕ್ಕದಲ್ಲಿ, ನೀರಿನ ರೇಡಾನ್‌ನಿಂದ ಆ ದೇಶದಲ್ಲಿ ವರ್ಷಕ್ಕೆ ಆಗುವ ಸುಮಾರು 180 ಸಾವುಗಳಲ್ಲಿ 160ರಷ್ಟು ಉಸಿರಿನ ದಾರಿಯಿಂದ ಶ್ವಾಸಕೋಶಕ್ಕೆ, 20ರಷ್ಟು ಮಾತ್ರ ಕುಡಿದದ್ದರಿಂದ ಜಠರಕ್ಕೆ.

ಎಷ್ಟು ಅನಿಲ ಗಾಳಿಗೆ ಸೇರುತ್ತದೆ? ತಜ್ಞರು ಬಳಸುವ ಒರಟು ಲೆಕ್ಕ ಹೀಗಿದೆ: ನೀರಿನಲ್ಲಿ ಲೀಟರಿಗೆ 1,000 ಬೆಕ್ವೆರೆಲ್ ಇದ್ದರೆ ಮನೆಯ ಗಾಳಿಯಲ್ಲಿ ಸರಾಸರಿ ಘನಮೀಟರಿಗೆ 100 ಬೆಕ್ವೆರೆಲ್ ಹೆಚ್ಚಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮನೆಯ ಗಾಳಿಗೆ ಸೂಚಿಸಿರುವ ಮಟ್ಟವೂ 100. ದೀರ್ಘಕಾಲದಲ್ಲಿ ಗಾಳಿಯ ರೇಡಾನ್ ಪ್ರತಿ 100 ಹೆಚ್ಚಾದಂತೆ ಶ್ವಾಸಕೋಶದ ಕ್ಯಾನ್ಸರ್ ಸಂಭವ ಶೇಕಡಾ 16ರಷ್ಟು ಏರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಮೊದಲೇ ಇರುವ ಅಪಾಯದ ಮೇಲೆ ಇದು ಏರುವುದರಿಂದ ಅವರಿಗೆ ಹೊಡೆತ ಬಹಳ ದೊಡ್ಡದು. ಮೇಲಿನ ಲೆಕ್ಕ ಚಳಿಗೆ ಕಿಟಕಿ ಮುಚ್ಚಿಕೊಂಡಿರುವ ಅಮೆರಿಕದ ಮನೆಗಳದ್ದು. ಹಿತ್ತಿಲ ಬಾಗಿಲು, ಕಿಟಕಿ ಹಗಲೆಲ್ಲ ತೆರೆದಿರುವ ನಮ್ಮ ಹಳ್ಳಿ ಮನೆಗಳಲ್ಲಿ ಅಷ್ಟು ಉಳಿಯುವುದಿಲ್ಲ. ಆದರೆ ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದ ಮೇಲೆ ಸುತ್ತ ಎದ್ದಿರುವ ಬಡಾವಣೆ, ಅಪಾರ್ಟ್‌ಮೆಂಟ್‌ಗಳ ಕಥೆ ಬೇರೆ. ಅಲ್ಲಿ ಎಸಿ ಕೋಣೆ, ಗಾಜಿನ ಕಿಟಕಿ, ಕಿಟಕಿಯೇ ಇಲ್ಲದ ಸ್ನಾನದ ಮನೆ.

ಸ್ನಾನದ ಮನೆಯ ಲೆಕ್ಕವನ್ನು ನಾವೇ ಹಾಕಿ ನೋಡಬಹುದು. ಐದು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರವೆಂದರೆ ಸುಮಾರು ಎಂಟು ಘನಮೀಟರ್. ಲೀಟರಿಗೆ 500 ಬೆಕ್ವೆರೆಲ್ ಇರುವ ನೀರನ್ನು ಷವರ್‌ನಲ್ಲಿ 50 ಲೀಟರ್ ಬಳಸಿ, ಅದರಲ್ಲಿ ಅರ್ಧದಷ್ಟು ಅನಿಲ ಹೊರಬಂದಿತೆಂದರೆ 12,500 ಬೆಕ್ವೆರೆಲ್. ಗಾಳಿ ಹೊರಹೋಗದಿದ್ದರೆ ಘನಮೀಟರಿಗೆ 1,500ಕ್ಕಿಂತ ಹೆಚ್ಚು. ಹತ್ತು ನಿಮಿಷದ ಸ್ನಾನದಿಂದ ಯಾರೂ ಕಾಯಿಲೆ ಬೀಳುವುದಿಲ್ಲ, ಲೆಕ್ಕಕ್ಕೆ ಬರುವುದು ವರ್ಷಗಟ್ಟಲೆಯ ಸರಾಸರಿ. ಆದರೆ ಆ ಗಾಳಿ ಮಲಗುವ ಕೋಣೆಗೆ ಬರುವ ಬದಲು ಹೊರಗೆ ಹೋಗುವಂತೆ ಎಕ್ಸಾಸ್ಟ್ ಫ್ಯಾನ್ ಹಾಕಿಸಲು ಎಷ್ಟು ಖರ್ಚು? ಬಕೆಟ್ಟಿನಲ್ಲಿ ಹಿಡಿದು ಚೊಂಬಿನಲ್ಲಿ ಸುರಿದುಕೊಳ್ಳುವ ಹಳೆಯ ಪದ್ಧತಿಯಲ್ಲಿ ನೀರೂ ಕಡಿಮೆ, ಅನಿಲವೂ ಕಡಿಮೆ.

ನಮ್ಮ ನೀರಿನ ನಿಯಮಗಳು ಇಲ್ಲಿ ಎಷ್ಟು ಸಹಾಯ ಮಾಡುತ್ತವೆ

ಇನ್ನು ಮೊದಲ ಪ್ರಶ್ನೆಗೆ ಬರೋಣ. ನೀರು ಸೋಸುವ ಬಟ್ಟೆ ಎಷ್ಟೇ ದಪ್ಪವಾಗಿರಲಿ, ಎರಡು ಮಡಿಕೆಯಾಗಿರಲಿ, ಕರಗಿರುವ ಅನಿಲವನ್ನು ಅದು ತಡೆಯುವುದಿಲ್ಲ. ಸೋಸುವುದು ಇರುವುದು ಜೀವದಯೆಗಾಗಿ, ಅದರಿಂದ ಈ ಕೆಲಸವನ್ನು ನಿರೀಕ್ಷಿಸುವುದೇ ತಪ್ಪು. ಎತ್ತರದಿಂದ ಬಟ್ಟೆಯ ಮೇಲೆ ಸುರಿದಾಗ ನೀರು ಗಾಳಿಗೆ ತೆರೆದುಕೊಂಡು ಸ್ವಲ್ಪ ಅನಿಲ ಹೋಗಬಹುದು, ಅಷ್ಟೇ. ಲವಂಗ ಅಥವಾ ಅಳಲೆಕಾಯಿ ಪುಡಿ ಹಾಕಿ ಪ್ರಾಸುಕ ಮಾಡಿದ ನೀರಿನಲ್ಲೂ ರೇಡಾನ್ ಹಾಗೇ ಇರುತ್ತದೆ. ಉಗುರುಬೆಚ್ಚಗೆ ಮಾಡಿದರೆ ಭಾಗಶಃ ಹೋಗುತ್ತದೆ.

ಚೆನ್ನಾಗಿ ಕುದಿಸಿದರೆ ಮಾತ್ರ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತದೆ. ಅನಿಲಗಳು ಬಿಸಿ ನೀರಿನಲ್ಲಿ ನಿಲ್ಲುವುದಿಲ್ಲ. ಗುಳ್ಳೆಗಳು ಮೇಲೇಳುವ ಹಾಗೆ ಕೆಲವು ನಿಮಿಷ ಕುದಿಸಿದರೆ ಸಾಕು. ಅದು ಬಿಟ್ಟುಹೋದ ಅಲ್ಪಾಯುಷಿ ಕಣಗಳೂ ಸುಮಾರು ಮೂರು ಗಂಟೆಯಲ್ಲಿ ಕರಗಿ ಮುಗಿಯುತ್ತವೆ. ಬೆಳಗ್ಗೆ ಕುದಿಸಿ, ಆರಿಸಿ, 24 ಗಂಟೆಯೊಳಗೆ ಬಳಸುವ ಮನೆಗಳಲ್ಲಿ ಕುಡಿಯುವ ನೀರಿನ ರೇಡಾನ್ ಬಗ್ಗೆ ಚಿಂತೆ ಬೇಡ. ಒಂದೇ ಮಾತು: ಕುದಿಸುವಾಗ ಅಡುಗೆಮನೆಯ ಕಿಟಕಿ ತೆರೆದಿರಲಿ, ನೀರಿನಿಂದ ಹೋದದ್ದು ಗಾಳಿಗೇ ಬಂದಿರುತ್ತದೆ. ಕುದಿಸದವರಿಗೂ ಕಾಲವೇ ಒಂದು ಉಪಾಯ. ರೇಡಾನ್ 3.8 ದಿನಕ್ಕೆ ತಾನಾಗಿಯೇ ಅರ್ಧಕ್ಕೆ ಇಳಿಯುತ್ತದೆ, ಇನ್ನೊಂದು 3.8 ದಿನಕ್ಕೆ ಕಾಲು ಭಾಗಕ್ಕೆ.

ಚೌಕದ ವಿಚಾರ ಇನ್ನೂ ಸ್ವಲ್ಪ ಬೇರೆ. ತ್ಯಾಗಿಗಳ ಆಹಾರಕ್ಕೆ ಬಾವಿಯಿಂದ ಸೇದಿದ ನೀರನ್ನೇ ಹುಡುಕುತ್ತೇವೆ, ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಬಿಡಬೇಕು, ಕೊಳವೆಬಾವಿಯಲ್ಲಿ ಅದು ಆಗುವ ಮಾತಲ್ಲ. ಬೆಂಗಳೂರಿನಿಂದ ನೆಲಮಂಗಲ, ಕುಣಿಗಲ್ ಮಾರ್ಗವಾಗಿ ಶ್ರವಣಬೆಳಗೊಳದ ಕಡೆಗೆ ಸಂಘ ವಿಹಾರ ಮಾಡುವಾಗ ನೀರಿರುವ ತೆರೆದ ಬಾವಿ ಹುಡುಕುವುದೇ ಶ್ರಾವಕರಿಗೆ ದೊಡ್ಡ ಕೆಲಸ. ಸಿಕ್ಕರೆ ರೇಡಾನ್ ದೃಷ್ಟಿಯಿಂದ ಅದೇ ಉತ್ತಮ ನೀರು. ಆದರೆ ತೆರೆದ ಬಾವಿಗಳಿಗೆ ಗೊಬ್ಬರದ ನೈಟ್ರೇಟ್, ಹತ್ತಿರದ ಶೌಚಗುಂಡಿಯ ಸೋರಿಕೆ ಸೇರುವುದುಂಟು. ನೈಟ್ರೇಟ್ ಕುದಿಸಿದರೂ ಹೋಗುವುದಿಲ್ಲ. ಬಾವಿ ನೀರು ಎಂದಾಕ್ಷಣ ಶುದ್ಧ ಎಂದುಕೊಳ್ಳುವುದು ಬೇಡ.

ಕುದಿಸಿದರೂ ಉಳಿಯುವುದು ಯುರೇನಿಯಂ

ಈಗ ತಪ್ಪಾದ ಅರ್ಧ. ರೇಡಾನ್‌ಗೆ ಮೂಲವಾದ ಯುರೇನಿಯಂ ಕೂಡ ಆಳದ ನೀರಿನಲ್ಲಿ ಕರಗಿ ಬರುತ್ತದೆ. ಅದು ಅನಿಲವಲ್ಲ. ಕುದಿಸಿದರೆ ನೀರು ಆವಿಯಾಗಿ ಕಡಿಮೆಯಾಗುತ್ತದೆ, ಯುರೇನಿಯಂ ಪಾತ್ರೆಯಲ್ಲೇ ಉಳಿಯುತ್ತದೆ. ಲೀಟರಿಗೆ 60 ಮೈಕ್ರೋಗ್ರಾಂ ಇದ್ದ ಐದು ಲೀಟರ್ ನೀರು ಕುದಿದು ನಾಲ್ಕು ಲೀಟರ್ ಆದರೆ ಲೀಟರಿಗೆ 75 ಆಯಿತು. ಫ್ಲೋರೈಡ್‌ನ ಕಥೆಯೂ ಇದೇ. ನಿಧಾನ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿದರೆ ನೀರು ಹೆಚ್ಚು ಶುದ್ಧವಾಗುತ್ತದೆ ಎಂದು ನಂಬುವ ಹಿರಿಯರಿದ್ದಾರೆ. ಈ ಸೀಮೆಯ ಕೊಳವೆಬಾವಿ ನೀರಿಗೆ ಅದು ಸಲ್ಲದು. ಕುದಿ ಬಂದ ಮೇಲೆ ಮುಚ್ಚಳ ಸ್ವಲ್ಪ ಓರೆ ಮಾಡಿ ಐದು ನಿಮಿಷ ಸಾಕು.

ಯುರೇನಿಯಂ ನೀರಿನಲ್ಲಿ ಮುಖ್ಯವಾಗಿ ತೊಂದರೆ ಕೊಡುವುದು ವಿಕಿರಣದಿಂದಲ್ಲ, ಮೂತ್ರಪಿಂಡಕ್ಕೆ ಅದೊಂದು ವಿಷಲೋಹ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ, ಈಗ ಭಾರತೀಯ ಮಾನಕದಲ್ಲೂ ಅದೇ ಸೇರಿದೆ. ಅಣುಶಕ್ತಿ ನಿಯಂತ್ರಣ ಮಂಡಳಿ ವಿಕಿರಣದ ಲೆಕ್ಕದಲ್ಲಿ ಇಟ್ಟಿರುವುದು 60. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರೂ ಸೇರಿದ ತಂಡವೊಂದು ಪೂರ್ವ ಕರ್ನಾಟಕದ 73 ಹಳ್ಳಿಗಳ ಕುಡಿಯುವ ಅಂತರ್ಜಲ ಪರೀಕ್ಷಿಸಿ, 57 ಹಳ್ಳಿಗಳಲ್ಲಿ 30ಕ್ಕಿಂತ ಹೆಚ್ಚು, 48 ಹಳ್ಳಿಗಳಲ್ಲಿ 60ಕ್ಕಿಂತ ಹೆಚ್ಚು ಕಂಡಿತು. ಇದು ರೇಡಾನ್‌ನ ತಲೆಬರಹಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ. ಎಳೆ ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತ ಹಿರಿಯರು ಇರುವ ಮನೆಗಳು ಈ ಪರೀಕ್ಷೆಯನ್ನು ಮೊದಲು ಮಾಡಿಸಿಕೊಳ್ಳಬೇಕು.

ಇಲ್ಲಿ ಆರ್‌ಒ ಯಂತ್ರ ಉಪಯೋಗಕ್ಕೆ ಬರುತ್ತದೆ. ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕವೂ ಆರ್‌ಒ ಯಂತ್ರವೇ. ಪೊರೆ ಸರಿಯಾಗಿದ್ದರೆ ಯುರೇನಿಯಂ, ಫ್ಲೋರೈಡ್ ಎರಡನ್ನೂ ಬಹುಪಾಲು ತೆಗೆಯುತ್ತದೆ. ಅನಿಲವನ್ನು ಅದು ತಡೆಯುವುದಿಲ್ಲ. ಹಾಗಾಗಿ ಆರ್‌ಒ ನೀರನ್ನು ಸೋಸಿ ಕುದಿಸುವ ಕುಟುಂಬಕ್ಕೆ ಎರಡೂ ಕಡೆಯ ರಕ್ಷಣೆ ಸಿಗುತ್ತದೆ. ಯಂತ್ರ ಹೊರಹಾಕುವ ನೀರಿನಲ್ಲಿ ಇವೆಲ್ಲ ಸಾಂದ್ರವಾಗಿರುತ್ತವೆ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ, ಬಾವಿಗೆ ಅಥವಾ ತರಕಾರಿ ಮಡಿಗೆ ಬಿಡಬೇಡಿ. ಇದ್ದಿಲಿನ ಫಿಲ್ಟರ್ ಮಾತ್ರ ಎಚ್ಚರಿಕೆಯ ವಸ್ತು. ರೇಡಾನ್ ಅನ್ನು ಅದು ಹಿಡಿದಿಡುತ್ತದೆ ನಿಜ, ಆದರೆ ಹಿಡಿದದ್ದು ಅದರೊಳಗೇ ಒಡೆಯುತ್ತಾ ಫಿಲ್ಟರ್ ತಾನೇ ವಿಕಿರಣ ಸೂಸುತ್ತದೆ. ರೇಡಾನ್ ಹೆಚ್ಚಿರುವ ಇಡೀ ಮನೆಯ ನೀರಿಗೆ ಅದನ್ನು ಹಾಕಿಸುವುದು ಸರಿಯಲ್ಲ.

ಊರಿನ ತೊಂಬೆಯಲ್ಲಿ ಆಗಬೇಕಾದ ಕೆಲಸ ಬಹಳ ಸಣ್ಣದು. ಕೊಳವೆಬಾವಿಯ ನೀರು ನೇರ ನಲ್ಲಿಗೆ ಹೋಗದೆ ಮೊದಲು ಮೇಲಿನ ಟ್ಯಾಂಕಿಗೆ ಬರಬೇಕು. ಟ್ಯಾಂಕಿನಲ್ಲಿ ನೀರಿನೊಳಗೆ ಮುಳುಗಿದ ಪೈಪಿನ ಬದಲು ಮೇಲಿನಿಂದ ಷವರ್‌ನಂತೆ ಸಿಂಪಡಿಸಿ ಬೀಳುವ ಹಾಗೆ ಮಾಡಬೇಕು, ಅನಿಲ ಹೊರಹೋಗಲು ಜಾಲರಿ ಹಾಕಿದ ಗಾಳಿಕಿಂಡಿ ಇರಬೇಕು. ರೇಡಾನ್‌ನ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಮನೆಮನೆಗೆ ನಲ್ಲಿ ಹಾಕುವ ಜಲ ಜೀವನ ಕಾಮಗಾರಿ ನಡೆಯುತ್ತಿರುವಾಗಲೇ ಪಿಡಿಒ ಮತ್ತು ನೀರುಗಂಟಿಯವರ ಜೊತೆ ಈ ಮಾತಾಡುವುದು ಸುಲಭ, ಪೈಪು ಹೂತ ಮೇಲೆ ಕಷ್ಟ. ಬಸದಿ, ಸಮುದಾಯ ಭವನ, ಹಾಸ್ಟೆಲ್‌ಗಳ ಟ್ಯಾಂಕಿಗೆ ಇದನ್ನು ನಾವೇ ಮಾಡಿಸಬಹುದು, ಪ್ಲಂಬರ್‌ಗೆ ಅರ್ಧ ದಿನದ ಕೆಲಸ. ಎತ್ತಿನಹೊಳೆ ನೀರು ಬಂದರೆ ಕೊಳವೆಬಾವಿಯ ಅವಲಂಬನೆ ತಗ್ಗೀತು. ಅದರ ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಇಲ್ಲಿನ ನಲ್ಲಿಗೆ ಬರುವವರೆಗೆ ಬೋರ್ ನೀರೇ ಗತಿ.

ಪಂಚಾಯಿತಿಯ ಪರೀಕ್ಷಾ ಕಿಟ್‌ನಲ್ಲಿ ಫ್ಲೋರೈಡ್, ನೈಟ್ರೇಟ್ ಗೊತ್ತಾಗುತ್ತವೆ, ರೇಡಾನ್ ಮತ್ತು ಯುರೇನಿಯಂ ಗೊತ್ತಾಗುವುದಿಲ್ಲ. ಯುರೇನಿಯಂ ಪರೀಕ್ಷೆಯನ್ನು ಮಾನ್ಯತೆ ಪಡೆದ ದೊಡ್ಡ ಪ್ರಯೋಗಾಲಯಗಳು ಮಾಡಿಕೊಡುತ್ತವೆ. ರೇಡಾನ್ ಅಳೆಯುವ ಉಪಕರಣ ವಿಶ್ವವಿದ್ಯಾಲಯಗಳ ಭೌತವಿಜ್ಞಾನ ವಿಭಾಗಗಳಲ್ಲಿ ಸಿಗುತ್ತದೆ. ಬೆಂಗಳೂರು, ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳವರು ಈ ವಿಷಯದಲ್ಲಿ ಕೆಲಸ ಮಾಡಿದ್ದಾರೆ. ನಾಲ್ಕಾರು ಮನೆಯವರು ಸೇರಿ ವಿಚಾರಿಸುವುದು ಒಳ್ಳೆಯದು.

ಯುರೇನಿಯಂಗೆ ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದ ನೀರು ಸಾಕು. ರೇಡಾನ್‌ಗೆ ಹಾಗಲ್ಲ, ಹಿಡಿಯುವಾಗಲೇ ಅನಿಲ ಹೋಗಿಬಿಡುತ್ತದೆ. ಮೋಟಾರ್ ಹಾಕಿ ಹದಿನೈದು ನಿಮಿಷ ನೀರು ಹರಿಯಲು ಬಿಡಿ. ಬಕೆಟ್ಟಿನ ತಳಕ್ಕೆ ಪೈಪು ಮುಟ್ಟಿಸಿ, ಗುಳ್ಳೆ ಏಳದಂತೆ ನಿಧಾನವಾಗಿ ತುಂಬಿಸಿ. ಗಾಜಿನ ಬಾಟಲಿಯನ್ನು ಆ ನೀರಿನೊಳಗೇ ಮುಳುಗಿಸಿ ತುಂಬಿ, ನೀರಿನೊಳಗೇ ಮುಚ್ಚಳ ಬಿಗಿ ಮಾಡಿ. ತಲೆಕೆಳಗೆ ಮಾಡಿ ನೋಡಿದಾಗ ಒಳಗೆ ಗಾಳಿಗುಳ್ಳೆ ಕಾಣಬಾರದು, ಕಂಡರೆ ಚೆಲ್ಲಿ ಮತ್ತೆ ಹಿಡಿಯಿರಿ. ಬಾಟಲಿಯ ಮೇಲೆ ಊರು, ಬೋರ್‌ನ ಆಳ, ದಿನಾಂಕದ ಜೊತೆಗೆ ಹಿಡಿದ ಗಂಟೆಯನ್ನೂ ಬರೆದು, ಸಾಧ್ಯವಾದರೆ ಅದೇ ದಿನ ತಲುಪಿಸಿ. ಗಂಟೆ ಬರೆದಿದ್ದರೆ ದಾರಿಯಲ್ಲಿ ಕಳೆದುಹೋದ ಪಾಲನ್ನು ಅವರು ಲೆಕ್ಕ ಹಾಕಿ ಸೇರಿಸಿಕೊಳ್ಳುತ್ತಾರೆ.